ಪೈಪಿನ ಬಾಯಿಗೆ ಕಟ್ಟಿದ ಬಟ್ಟೆ

ಆಗಸ್ಟ್ 14, ಗುರುವಾರ. ಬೆಳಿಗ್ಗೆ 7.20ಕ್ಕೆ ವಾಯುನೆಲೆಯ ಕರ್ನಲ್ ನಕಾಂಬಾ ಸ್ವತಃ ಕಫುಲ್ವೆ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು. ನೆಲೆಯಲ್ಲಿ ಹಾರುವ ಸ್ಥಿತಿಯಲ್ಲಿದ್ದ ಒಂದೇ ಸಾಗಣೆ ವಿಮಾನದ ಎಡ ಎಂಜಿನ್ನಿನಿಂದ ಇಂಧನ ಪಂಪು ಕಳವಾಗಿತ್ತು. ಒಂಬತ್ತು ಗಂಟೆಗೆ ಆ ವಿಮಾನ ಹನ್ನೊಂದು ಜನರನ್ನೂ ಲಸಿಕೆಯ ಪೆಟ್ಟಿಗೆಗಳನ್ನೂ ಹೊತ್ತು ಉತ್ತರಕ್ಕೆ ಹೊರಡಬೇಕಿತ್ತು.

“ಬೇರೆ ಪಂಪು ಹಾಕೋಕಾಗಲ್ವಾ?” ಇನ್ಸ್‌ಪೆಕ್ಟರ್ ಕಪಾಂಬ್ವೆ ಕೇಳಿದರು.

“ಎಲ್ಲಿಂದ ತರ್ಲಿ? ನಮ್ಮ ದೇಶದ ತಾಮ್ರಕ್ಕೆ ಬೆಲೆ ಬಿದ್ದಾಗಿಂದ ಬಿಡಿಭಾಗಕ್ಕೆ ಡಾಲರ್ ಸಿಕ್ಕಿಲ್ಲ. ಕಳುವಾದ ಪಂಪನ್ನೂ ಪಕ್ಕದ ವಿಮಾನದಿಂದ ಕಿತ್ತು ಹಾಕಿದ್ದು.”

ಎಫ್‌ಐಆರ್ ದಾಖಲಾಯಿತು. 8.05ಕ್ಕೆ ಹ್ಯಾಂಗರಿನಲ್ಲಿ ಪಂಚನಾಮೆ ಶುರುವಾಯಿತು. ಬಿಚ್ಚಿದ ಬೋಲ್ಟುಗಳು ಒಂದು ಡಬ್ಬಿಯಲ್ಲಿದ್ದವು, ಒಂದೂ ಕಡಿಮೆಯಿರಲಿಲ್ಲ. ಪಂಪು ತೆಗೆದ ಜಾಗದಲ್ಲಿ ಎರಡು ಪೈಪುಗಳ ಬಾಯಿಗೂ ಹೂವಿನ ಬಟ್ಟೆಯ ತುಂಡು ಮುಚ್ಚಿ, ಸಣ್ಣ ತಂತಿ ಹೊಸೆದು ಬಿಗಿಯಲಾಗಿತ್ತು.

“ಕದ್ದು, ಬಾಗಿಲೂ ಹಾಕ್ಕೊಂಡು ಹೋಗಿದಾನೆ ಸಾರ್,” ಎಂದ ಕಾನ್‌ಸ್ಟೇಬಲ್ ಜೇರೆ. “ಇಷ್ಟು ಮರ್ಯಾದಸ್ಥ ಅಂದ್ಮೇಲೆ ನಿಮ್ಮ ಬೆಂಬಾ ಜನ ಅಲ್ಲ ಬಿಡಿ. ಕೋತಿ ತಿನ್ನೋರಿಗೆ ಎಲ್ಲಿಂದ ಬರ್ಬೇಕು!”

“ಇಲಿ ತಿನ್ನೋ ಬಾಯಿ ಮುಚ್ಕೊಂಡು ಬರಿಯೋ,” ಎಂದರು ಕಪಾಂಬ್ವೆ. ಇಬ್ಬರ ಬುಡಕಟ್ಟಿನವರೂ ಹೀಗೆ ಒಬ್ಬರನ್ನೊಬ್ಬರು ಕೆಣಕುವುದು ಹಳೆಯ ರೂಢಿ.

ಕಪಾಂಬ್ವೆ ತಂತಿಯನ್ನು ಬಹಳ ಹೊತ್ತು ನೋಡಿದರು. ಹೊಸೆತ ಎಡಕ್ಕೆ ತಿರುಗಿತ್ತು. ಬೋಲ್ಟುಗಳು ತಾವಾಗಿ ಸಡಿಲವಾಗದಂತೆ ತಂತಿ ಹೊಸೆದು ಕಟ್ಟುವುದು ವಿಮಾನ ತಂತ್ರಜ್ಞರ ದಿನನಿತ್ಯದ ಕೆಲಸ. ಹಿಂದಿನ ದಿನ ಕೆಲಸದಲ್ಲಿದ್ದ ಆರು ಜನರನ್ನೂ ಕರೆಸಿ, ಒಬ್ಬೊಬ್ಬರಿಗೂ ಹೊಸೆಯಲು ಒಂದು ಮೊಳ ತಂತಿ ಕೊಟ್ಟರು.

ಐದು ಜನರ ಹೊಸೆತ ಬಲಕ್ಕೆ ಬಂತು. ಸಾರ್ಜೆಂಟ್ ಎಸ್ನಾಟ್ ಮುಲೆಂಬಾ ಅವರದು ಎಡಕ್ಕೆ. ನಲವತ್ತರ ಹೆಂಗಸು.

“ಎಡಗೈಯಾ ಅಮ್ಮಾ?”

“ಹುಟ್ಟಿದಾಗಿಂದ.”

“ಪಂಪು ಎಲ್ಲಿ?”

“ನನ್ನ ಊಟದ ಬುಟ್ಟೀಲಿ. ನ್ಶಿಮಾ ಮುದ್ದೆ ಕೆಳಗೆ.”

ಜೇರೆ ಬುಟ್ಟಿ ತಂದ. ಪಂಪು ಇತ್ತು.

“ಆ ಬಟ್ಟೆ ಕಟ್ದೇ ಇದ್ದಿದ್ರೆ ನೀವು ಸಿಗ್ತಿರ್ಲಿಲ್ಲ.”

“ತೆರೆದು ಬಿಟ್ರೆ ಧೂಳು ಹೋಗುತ್ತೆ ಸಾರ್. ವಿಮಾನದ ಮೇಲೆ ನಂಗೇನು ಸಿಟ್ಟು?”

“ಮತ್ಯಾಕೆ ಬಿಚ್ಚಿದ್ರಿ?”

“ಅದರ ಆಯಸ್ಸು ಮುಗಿದು ಎರಡು ವರ್ಷ ಆಯ್ತು. ಪುಸ್ತಕದಲ್ಲಿ ಮೂರು ಸಲ ಅವಧಿ ಮುಂದೂಡಿದಾರೆ. ಒಳಗೆ ಶಾಫ್ಟು ಸೀಳಿದೆ, ಸದ್ದು ಕೇಳಿದ್ರೆ ಗೊತ್ತಾಗುತ್ತೆ. ಎರಡು ಸಲ ಬರೆದು ಕೊಟ್ಟೆ.”

“ಏನಂದ್ರು?”

“ತಾಮ್ರದ ಬೆಲೆ ಏರ್ಲಿ ಅಂದ್ರು.”

ಕರ್ನಲ್ ನೆಲ ನೋಡುತ್ತಿದ್ದರು.

ಪಂಪು ಪರೀಕ್ಷಿಸುವ ಯಂತ್ರ ಊರಲ್ಲಿದ್ದದ್ದು ತಾಮ್ರದ ಗಣಿಯ ವರ್ಕ್‌ಶಾಪಿನಲ್ಲಿ ಮಾತ್ರ. 10.30ಕ್ಕೆ ಜೇರೆ ಪಂಪನ್ನು ಮೊಹರು ಮಾಡಿ ಒಯ್ದ. 1.15ಕ್ಕೆ ಫೋನ್ ಮಾಡಿದ. ತಮಾಷೆ ಮಾಡಲಿಲ್ಲ.

“ಇಪ್ಪತ್ತೆರಡು ನಿಮಿಷ ತಿರುಗ್ತು ಸಾರ್. ಆಮೇಲೆ ಶಾಫ್ಟು ಎರಡು ತುಂಡು.”

ಉತ್ತರದ ಹಾರಾಟ ಎರಡು ಗಂಟೆಯದು. ಲಸಿಕೆ ಗಣಿಯವರ ಲಾರಿಯಲ್ಲಿ ಹೋಯಿತು.

ಆದರೂ ಸೇವಾ ಸ್ವತ್ತನ್ನು ಅನುಮತಿಯಿಲ್ಲದೆ ಕಳಚಿದ್ದು ಅಪರಾಧ. 2.00 ಗಂಟೆಗೆ ಎಸ್ನಾಟ್ ಅವರನ್ನು ಬಂಧಿಸಿ ಠಾಣೆಗೆ ತಂದು ಹೇಳಿಕೆ ಬರೆದುಕೊಳ್ಳಲಾಯಿತು.

“ಅಪರಾಧದ ಕಾರಣ ಅಂತ ಒಂದು ಸಾಲು ಬೇಕು ಅಮ್ಮಾ,” ಎಂದರು ಕಪಾಂಬ್ವೆ.



“ನಾಲ್ಕು ವರ್ಷದ ಹಿಂದೆ ಇಂಥದ್ದೇ ಪಂಪಿಗೆ ಸಹಿ ಹಾಕು ಅಂದ್ರು. ಹಾಕ್ದೆ. ಆ ವಿಮಾನದಲ್ಲಿ ನನ್ನ ಗಂಡ ಇದ್ರು.”

ಇನ್ಸ್‌ಪೆಕ್ಟರ್ ಅಷ್ಟನ್ನೇ ಬರೆದರು. ಬಟ್ಟೆಯ ತುಂಡುಗಳು ಯಾವುದರದೆಂದು ಕೇಳಬೇಕಿತ್ತು. ಗಂಡನ ಶವಸಂಸ್ಕಾರದ ದಿನ ತಾನು ಸೊಂಟಕ್ಕೆ ಸುತ್ತಿಕೊಂಡಿದ್ದ ಬಟ್ಟೆಯದೆಂದು ಎಸ್ನಾಟ್ ತಾವೇ ಹೇಳಿದರು.

4.10ಕ್ಕೆ ಆ ವಿಮಾನ ಹಾರಿಸಬೇಕಿದ್ದ ಕ್ಯಾಪ್ಟನ್ ಹಮೂಂಗಾ ಬಂದರು. ಸಮವಸ್ತ್ರದಲ್ಲೇ ಎಸ್ನಾಟ್ ಎದುರು ಸಿಮೆಂಟಿನ ನೆಲಕ್ಕೆ ಮಂಡಿಯೂರಿ, ಅಲ್ಲಿನವರು ಹಿರಿಯರಿಗೆ ವಂದಿಸುವಂತೆ ಬೊಗಸೆಗೈಯಿಂದ ಮೆಲ್ಲಗೆ ಮೂರು ಸಲ ಚಪ್ಪಾಳೆ ತಟ್ಟಿದರು.

“ಏಳಪ್ಪಾ, ಪ್ಯಾಂಟು ಕೊಳೆಯಾಗುತ್ತೆ,” ಎಂದರು ಎಸ್ನಾಟ್.

ಠಾಣೆಯ ಜಾಮೀನಿಗೆ ಇಬ್ಬರ ಸಹಿ ಸಾಕು. ಜೇರೆ ಹೊರಗೆ ಇಣುಕಿ ಬಂದು, ಇನ್ನೊಂದು ಹಾಳೆ ಬೇಕೆಂದ. ಕ್ಯಾಪ್ಟನ್ನರ ಹಿಂದೆ, ಬೆಳಿಗ್ಗೆ ವಿಮಾನ ಹತ್ತಬೇಕಿದ್ದ ಉಳಿದ ಹತ್ತು ಜನ ಗುರುತಿನ ಚೀಟಿ ಹಿಡಿದು ಸಾಲಾಗಿ ನಿಂತಿದ್ದರು.