ಎಂಟು ಡಿಗ್ರಿಯ ಸುಳ್ಳು

ಉತ್ತರದ ಗೋಡೆಯ ಮೇಲೆ ಎತ್ತರದಲ್ಲಿದ್ದ ಪೆಟ್ಟಿಗೆಯೊಳಗೆ ಸೆನ್ಸರ್ ಇರಲಿಲ್ಲ.

ಏಣಿಯ ಮೇಲೆ ನಿಂತಿದ್ದ ಬಿರ್ಗರ್ ಅದರಿಂದ ಅಕ್ಕಿಕಾಳಿನಷ್ಟು ಪುಟ್ಟ ರೆಸಿಸ್ಟರ್ ಎಳೆದು ತೋರಿಸಿದರು. ನಲವತ್ತು ವರ್ಷ ಸ್ವೀಡನ್ನಿನ ಯೆಮ್ಟ್‌ಲಾಂಡಿನ ಬಂಡೆಗಳಲ್ಲಿ ಕೊಳವೆಬಾವಿ ಕೊರೆದ ಕೈ ಅದು.

"ಟೂವಾ, ಪಂಪ್ ಕೆಟ್ಟಿದ್ದಲ್ಲ ಕಣಮ್ಮ. ಯಾರೋ ಕೆಡಿಸಿದ್ದು."

ಟೂವಾ ಕೆಳಗೆ ಏಣಿ ಹಿಡಿದು ನಿಂತಿದ್ದಳು. ನೂರೆಂಬತ್ತು ಮೀಟರ್ ಆಳದಿಂದ ಶಾಖ ಎತ್ತುವ ಆ ಪಂಪನ್ನು ಹಾಕಿಸಿದವನು ಅವಳ ಗಂಡ ಏಮಿಲ್. ಶರತ್ಕಾಲದಲ್ಲಿ ತೀರಿಕೊಂಡ. ಈಗ ಹೊರಗೆ ಮೈನಸ್ ಹದಿನಾರು, ಒಳಗೆ ಹದಿಮೂರು. "ಕೊಳವೆಬಾವಿ ಹೆಪ್ಪುಗಟ್ಟಿದೆ. ಈ ಮನೆ ನಿನ್ನ ಕೈಲಾಗಲ್ಲ, ನನಗೆ ಕೊಟ್ಟುಬಿಡು" ಎಂದಿದ್ದ ಏಮಿಲನ ಅಣ್ಣ ಫ್ರೆಡ್ರಿಕ್. ಇವತ್ತು ಮೂರಕ್ಕೆ ಅವಳು ಮನೆಪತ್ರಕ್ಕೆ ಸಹಿ ಹಾಕಬೇಕಿತ್ತು.

"ಹೊರಗೆ ಎಷ್ಟು ಚಳಿ ಅಂತ ಪಂಪಿಗೆ ಹೇಳೋದು ಸೆನ್ಸರ್. ಅದನ್ನ ಕಿತ್ತು ಇದನ್ನ ಕೂರಿಸಿದಾರೆ. ಇದು ಯಾವಾಗ್ಲೂ ಎಂಟು ಡಿಗ್ರಿ ಅನ್ನುತ್ತೆ. ವಸಂತ ಬಂತು ಅಂದ್ಕೊಂಡು ಪಂಪ್ ತೂಕಡಿಸ್ತಿದೆ."

"ಯುಕ್ಕಾ ಇರಬಹುದಾ? ಹೋದ ತಿಂಗಳು ಸರ್ವಿಸ್‌ಗೆ ಬಂದಿದ್ದ."

"ಅವನಾ? ಸ್ಕ್ರೂ ಬಿಚ್ಚಿದ್ರೆ ವಾಪಸ್ ಹಾಕೋದನ್ನೇ ಮರೀತಾನೆ. ನೋಡೋಣ."

\*\*\*

ಪಂಪಿನ ಪಕ್ಕ ದಾರದಲ್ಲಿ ನೋಟ್‌ಪುಸ್ತಕ ನೇತಾಡುತ್ತಿತ್ತು. ಹೊರಗಿನ ಚಳಿಗೆ ಮನೆಗೆಷ್ಟು ಬಿಸಿ ಎಂದು ನಿರ್ಧರಿಸುವ ರೇಖೆಯನ್ನು ಒಂದೇ ಮೆಟ್ಟಿಲು ಬದಲಿಸಬೇಕು, ಒಂದು ದಿನ ಕಾಯಬೇಕು, ಪರದೆ ತೋರಿಸುವ ಹೊರಗಿನ ತಾಪಮಾನವನ್ನು ಬರೆಯಬೇಕು. ಅದು ಏಮಿಲನ ಪದ್ಧತಿ. ಅವನ ನಂತರ ಟೂವಾ ಬರೆಯುತ್ತಿದ್ದಳು.

ಬಿರ್ಗರ್ ಬೆರಳು ಓಡಿಸಿದರು. "ಯುಕ್ಕಾ ಹೋದ ಮೇಲೆ ಮೈನಸ್ ಒಂಬತ್ತು, ಹನ್ನೆರಡು, ಏಳು. ಸರಿಯಾಗೇ ಏರಿಳಿದಿದೆ. ಅವನು ಬಚಾವ್." ಬೆರಳು ನಿಂತಿತು. "ಹೋದ ವಾರದ ಬುಧವಾರದಿಂದ ಎಂಟು, ಎಂಟು, ಎಂಟು... ಹನ್ನೊಂದು ದಿನ! ಬರೆದಿದ್ದನ್ನ ಓದ್ಲೇ ಇಲ್ವಾ?"

"ಇಲ್ಲ. ಬರೀತಿದ್ದೆ, ಅಷ್ಟೆ."

ಬಿರ್ಗರ್ ದನಿ ತಗ್ಗಿಸಿದರು. "ಅದರ ಹಿಂದಿನ ದಿನ ಯಾರು ಬಂದಿದ್ರು?"

ಅಂದು ಸೆಮ್ಲಾ ಬನ್ನು ತಿನ್ನುವ ಹಬ್ಬದ ಮಂಗಳವಾರ. "ಫ್ರೆಡ್ರಿಕ್. ಕೆನೆ ತುಂಬಿದ ಬನ್ನು ತಂದಿದ್ದ. ನಾನು ಕಾಫಿ ಮಾಡೋ ಹೊತ್ತಿಗೆ ಹಿಮ ತೆಗೆದುಕೊಟ್ಟ."

"ಎಲ್ಲಿ?"

"ಉತ್ತರದ ಗೋಡೆ ಹತ್ರ."

"ಅಲ್ಲಿ ಬಾಗಿಲಿದೆಯಾ?"

"ಇಲ್ಲ."

"ದಾರಿ?"

ಟೂವಾ ತಲೆಯೆತ್ತಿದಳು.

\*\*\*

ಮೂರಕ್ಕೆ ಫ್ರೆಡ್ರಿಕ್ ಬಂದ. ಬೂಟು ಕಳಚಿ, ಮೇಜಿನ ಮೇಲೆ ಪತ್ರ ಹರಡಿದ. ಬಿರ್ಗರ್ ಅದರ ಮೇಲೆ ರೆಸಿಸ್ಟರ್ ಇಟ್ಟರು.

"ಇದು ನಿನ್ನದಲ್ವಾ, ಎಲೆಕ್ಟ್ರಾನಿಕ್ಸ್ ಮೇಷ್ಟ್ರೇ?"

"ಯಾರು ಬೇಕಾದ್ರೂ ಹಾಕಿರಬಹುದು."

"ಬೇರೆಯವರಾದ್ರೆ ಏಣಿ ತರ್ತಿದ್ರು. ಇವಳ ಏಣಿ ಬೀಗದೊಳಗಿತ್ತು. ನೀನು ಅವತ್ತು ಹಿಮ ತೆಗೀಲಿಲ್ಲಪ್ಪ, ಹತ್ತಿ ನಿಲ್ಲೋಕೆ ಗೋಡೆಗೆ ರಾಶಿ ಹಾಕಿದೆ. ಗುಡ್ಡ ಇನ್ನೂ ಹಾಗೇ ಇದೆ. ಮಂಗಳವಾರದವರೆಗೆ ಅಂಕಿ ಕುಣೀತಿತ್ತು, ಬುಧವಾರ ಸತ್ತುಹೋಯ್ತು. ಮಧ್ಯೆ ಬಂದವನು ನೀನೊಬ್ಬನೇ."

ಫ್ರೆಡ್ರಿಕ್ ಕಿಟಕಿಯತ್ತ ತಿರುಗಿದ. "ನಾನು ಹುಟ್ಟಿದ ಮನೆ ಇದು. ಚಳಿಗೆ ಇವಳು ಹೊರಟುಹೋಗ್ತಾಳೆ ಅಂದ್ಕೊಂಡೆ."

ಟೂವಾ ಪತ್ರ ಮಡಚಿ ಅವನ ಕೈಗಿತ್ತಳು. "ಪೊಲೀಸರ ಹತ್ರ ಸೋಮವಾರ ಹೋಗ್ತೀನಿ. ಇವತ್ತು ಮನೇಲಿ ಕೆಲಸ ಇದೆ."

\*\*\*

ಬಿರ್ಗರ್ ಹೊಸ ಸೆನ್ಸರ್ ಕೂರಿಸಿ, ಏಣಿ ಹೊತ್ತು ಒಳಗೆ ಬಂದರು. "ಚಳಿಗೆ ರೇಖೆ ಒಂಬತ್ತಕ್ಕೇರಿಸಿದ್ದೀಯ. ಏಮಿಲ್ ಇಟ್ಟಿದ್ದ ಐದಕ್ಕಿಳಿಸು. ಇಲ್ದಿದ್ರೆ ನಾಳೆ ಸೌನಾದ ಹಬೇಲಿ ಕೂತಿರ್ತೀಯ."

ಪಂಪು ಗುಂಯ್ಗುಡತೊಡಗಿತು. ಕೊಳವೆಗಳಲ್ಲಿ ನೀರು ಸರಿದ ಸದ್ದು.

"ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ?"

"ನನಗ್ಯಾಕೆ? ದಿನಾ ಬರೀಬೇಕು ಅಂತ ಕಲಿಸಿದವನಿಗೆ ಹೇಳು."

ಟೂವಾ ಬೆಚ್ಚಗಾಗುತ್ತಿದ್ದ ರೇಡಿಯೇಟರಿನ ಮೇಲೆ ಅಂಗೈ ಇಟ್ಟಳು.

"ಥ್ಯಾಂಕ್ಸ್, ಏಮಿಲ್."

ಶರತ್ಕಾಲದಿಂದೀಚೆಗೆ ಅವಳು ಆ ಹೆಸರು ಹಿಡಿದು ಕರೆದಿರಲಿಲ್ಲ. ಬಿರ್ಗರ್ ಕೇಳಿಸದವರಂತೆ ಏಣಿ ಮಡಚುತ್ತಿದ್ದರು.