ಗದ್ದದ ಕೆಂಪು ಬಣ್ಣ

ಎದುರಿಗೆ ಹೋರಿ. ಹಿಂದೆ ಗೋಡೆ.

ಅದರ ಮುಂಗಾಲಿನ ಕೆಳಗೆ ಒಂದು ನೋಟ್‌ಬುಕ್... ನನಗೆ ಬೇಕಿದ್ದದ್ದು ಅದೇ!

ನಾನು ಪಶುವೈದ್ಯ ಕಾಲೇಜಿನ ಸೆಕ್ಯೂರಿಟಿ. ಕಳ್ಳರನ್ನ ಹಿಡಿದಿದ್ದೀನಿ, ಹಾವು ಹಿಡಿದಿದ್ದೀನಿ. ಆದರೆ ಏಳುನೂರು ಕೆಜಿ ಪ್ರೀತಿ ಕಂಡರೆ ನನಗೂ ಎದೆ ಢವಢವ ಸ್ವಾಮೀ!

ಈ ಹೋರಿಯ ಡ್ಯೂಟಿ ಒಂದೇ. ಬೆದೆಗೆ ಬಂದ ಹಸು ಯಾವುದು ಅಂತ ತೋರಿಸೋದು. ಗದ್ದಕ್ಕೆ ಕೆಂಪು ಬಣ್ಣದ ಡಬ್ಬಿ ಕಟ್ಟಿರ್ತಾರೆ. ಹಸುವಿನ ಮೇಲೆ ಹತ್ತಿದರೆ ಬೆನ್ನಿಗೆ ಕೆಂಪು ಗೆರೆ. ಕರು ಆಗದ ಹಾಗೆ ಮೊದಲೇ ಆಪರೇಷನ್ ಆಗಿದೆ, ಪಾಪ.

ಆ ಗೆರೆ ನಂಬಬಹುದಾ? ಇದೇ ನಮ್ಮ ರೀಸರ್ಚ್ ಹುಡುಗಿಯ ಪಿಎಚ್‌ಡಿ. ಐದು ವರ್ಷದ ದಾಖಲೆ ಆ ಒಂದೇ ಬುಕ್ಕಲ್ಲಿ. ಹನ್ನೊಂದಕ್ಕೆ ವೈವಾ. ಹತ್ತಕ್ಕೆ ಬುಕ್ ಮಾಯ!

"ಅಣ್ಣಾ, ಅದು ಸಿಗದಿದ್ರೆ ನನ್ನ ಕತೆ ಮುಗೀತು!" ಅಂತ ಅತ್ತಳು. ಬೆಳಿಗ್ಗೆ ಅದನ್ನ ಇಸ್ಕೊಂಡಿದ್ದ ಗೈಡ್ ಸಾಹೇಬ್ರು ಆಮೇಲೆ ಮುಖಾನೇ ತೋರಿಸಿಲ್ಲವಂತೆ.

ಸೀದಾ ಅವರ ರೂಮಿಗೆ ನುಗ್ಗಿದೆ. ಸಾಹೇಬ್ರು ಬೀರುವಿಗೆ ಬೆನ್ನು ಒತ್ತಿ ನಿಂತಿದ್ದರು.

"ತಿರುಗಿ ಸಾರ್."

"ಯಾಕ್ರೀ?"

"ತಿರುಗಿ!"

ತಿರುಗಿದರು. ಬಿಳಿ ಕೋಟಿನ ಬೆನ್ನ ತುಂಬ... ಕೆಂಪು ಗೆರೆ!

"ಬೆಳಿಗ್ಗೆ ಕೊಟ್ಟಿಗೇಲಿ ಬುಕ್ ನೋಡ್ತಿದ್ದೆ ಕಣಯ್ಯಾ... ಪೆನ್ ಬಿತ್ತು... ಬಗ್ಗಿದೆ..."

"ಸಾಕು ಸಾರ್. ಮುಂದಿಂದು ಗೊತ್ತಾಯ್ತು."

"ಬುಕ್ ಅಲ್ಲೇ ಬಿಟ್ಟು ಓಡಿಬಂದೆ. ಯಾರಿಗೂ ಹೇಳ್ಬೇಡ ಮಾರಾಯ, ಮಾನ ಹೋಗುತ್ತೆ!"

ಹಾಗಾಗಿ ಈಗ ನಾನಿಲ್ಲಿ, ಕೊಟ್ಟಿಗೇಲಿ, ಹೋರಿ ಎದುರಿಗೆ. ಏನೇ ಆಗಲಿ, ಬಗ್ಗೋದಿಲ್ಲ!

ಹಿಂಡಿ ತೋರಿಸಿದೆ. ಹೋರಿ ಕಾಲೆತ್ತಿತು. ಬೂಟಲ್ಲೇ ಬುಕ್ಕನ್ನ ಪಕ್ಕದ ಬೇಲಿಯಾಚೆ ಒದ್ದೆ. ಹಿಂದೇ ನಾನೂ ಹಾರಿದೆ. ಪ್ಯಾಂಟ್ ಪರ್ ಅಂತ ಹರೀತು. ಬೆನ್ನು ಬಚಾವ್!

ಹನ್ನೊಂದು ಗಂಟೆ. ಪರೀಕ್ಷಕರು ಪುಟ ತಿರುವಿದರು. ಹುಬ್ಬು ಗಂಟಿಕ್ಕಿತು.

"ಐದು ವರ್ಷದಲ್ಲಿ ಹೋರಿ ಒಂದ್ಸಲಾನೂ ತಪ್ಪಿಲ್ವಾ? ನಾನ್ ನಂಬಲ್ಲಮ್ಮ. ಇದೆಲ್ಲ ಸುಮ್ನೆ ಕೂತು ಬರೆದ ಸುಳ್ಳು!"

ಹುಡುಗಿ ಬಿಳಿಚಿಕೊಂಡಳು.

ನಾನು ಬಾಗಿಲಲ್ಲೇ ಕೆಮ್ಮಿದೆ. ಗೈಡ್ ನನ್ನನ್ನ ನೋಡಿದರು. ಕೋಟು ಬದಲಿಸೋಕೆ ಪುರುಸೊತ್ತಾಗದೆ ಗೋಡೆಗೆ ಅಂಟಿ ಕೂತಿದ್ದರು ಪುಣ್ಯಾತ್ಮ. ಆಮೇಲೆ ಹುಡುಗಿಯನ್ನ ನೋಡಿದರು. ಉಸ್ಸಪ್ಪಾ ಅಂತ ಎದ್ದರು. ಪರೀಕ್ಷಕರಿಗೆ ಬೆನ್ನು ಕಾಣೋ ಹಾಗೆ ತಿರುಗಿ ನಿಂತರು.

"ಒಂದ್ಸಲ ತಪ್ಪಿದೆ ಸಾರ್... ಇವತ್ತು."

ಪರೀಕ್ಷಕರು ಹೊಟ್ಟೆ ಹಿಡ್ಕೊಂಡು ನಕ್ಕರು. ನಗ್ತಾನೇ ಸಹಿ ಹಾಕಿದರು.

ಹುಡುಗಿ ಈಗ ಡಾಕ್ಟರ್. ಗೈಡಿಗೆ ಹೊಸ ಕೋಟು.

ಹೋರಿ ಮಾತ್ರ ತನ್ನದು ತಪ್ಪು ಅಂತ ಇವತ್ತಿಗೂ ಒಪ್ಪಿಲ್ಲ ಕಣ್ರೀ!