ಟೈಲರಮ್ಮನ ನೀಲಿ ಕೋಟು

ಬಾಯಿ ಅಗಲಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದ ಅವಳ ಹಲ್ಲಿನಿಂದ ಡಾಕ್ಟರ ಕಣ್ಣು ಜಾರಿ, ಕೋಟಿನ ಕಾಲರಿನ ಕಸೂತಿ ಬಳ್ಳಿಯ ಮೇಲೆ ನಿಂತುಬಿಟ್ಟಿತು.

ಕೈಯಲ್ಲಿದ್ದ ಸಲಕರಣೆ ಗಾಳಿಯಲ್ಲೇ ಉಳಿಯಿತು. ಇಂಜೆಕ್ಷನ್ನಿಗೆ ಅವಳ ದವಡೆ ಮರಗಟ್ಟಿತ್ತು. ಮಾಸ್ಕಿನ ಮೇಲೆ ಕಾಣುತ್ತಿದ್ದ ಆ ಕಣ್ಣುಗಳಲ್ಲಿ ಈಗ ಹಲ್ಲು ನೋಡುವ ನೋಟ ಇರಲಿಲ್ಲ.

“ಈ ಬಳ್ಳಿ... ನೀವೇ ಹಾಕಿದ್ದಾ?”

ಉತ್ತರ ಕೊಟ್ಟಿದ್ದು ಪಕ್ಕದಲ್ಲಿದ್ದ ನರ್ಸ್. “ಮತ್ತಿನ್ಯಾರು ಹಾಕ್ತಾರೆ ಡಾಕ್ಟ್ರೇ? ಫೋನಲ್ಲಿ ‘ಅಜ್ಜಿ’ ಅಂತ ವಿಡಿಯೋದಲ್ಲಿ ಬರ್ತಾರಲ್ಲ, ಅವ್ರೇ ಇವ್ರು. ಇಡೀ ಚಳಿಗಾಲ ಕೂತು ಈ ಕೋಟು ಹೊಲಿದ್ರು. ಅವ್ರೇ ಹೇಳಿದ್ದು ಕೇಳಿದೀನಿ.”

ಇಲ್ಲ ಎನ್ನಲು ಬಾಯಿ ಏಳುತ್ತಿರಲಿಲ್ಲ ಎಂದು ಆಮೇಲೆ ಅವಳು ತನಗೆ ತಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಳು. ಆದರೆ ತಲೆ ಅಲ್ಲಾಡಿಸಲು ಏನಾಗಿತ್ತು? ಅಲ್ಲಾಡಿಸಿದಳು. ಹೌದು ಎಂದು.

ಆ ನೀಲಿ ಉಣ್ಣೆ ಕೋಟನ್ನು ಅವಳು ಹಳೆ ಬಟ್ಟೆಯ ಅಂಗಡಿಯೊಂದರಲ್ಲಿ, ರಾಶಿಯ ತಳದಿಂದ ಎಳೆದು ತಂದಿದ್ದಳು.

ಹಗಲು ಅವಳು ವಿಮೆ ಕಚೇರಿಯೊಂದರಲ್ಲಿ ಫೋನ್ ಎತ್ತುವ ಹುಡುಗಿ. ಮನೆಗೆ ಬಂದರೆ ಕಾಲ ಹಿಂದಕ್ಕೆ ಹೋಗುತ್ತಿತ್ತು. ನೆರಿಗೆಯ ಉದ್ದ ಲಂಗ, ಉಬ್ಬು ತೋಳಿನ ರವಿಕೆ, ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನು, ತಾನೇ ಕಾಯಿಸಿ ಅಚ್ಚು ಹಾಕಿದ ಸೋಪು, ಒಣಗಿಸಿಟ್ಟ ಹೂವಿನ ಡಬ್ಬಿಗಳು. ಇದನ್ನೆಲ್ಲ ವಿಡಿಯೋ ಮಾಡಿ ಹಾಕುತ್ತಿದ್ದಳು. ನೋಡುವವರು ಪ್ರೀತಿಯಿಂದ ಅವಳನ್ನು ಅಜ್ಜಿ ಎಂದು ಕರೆದರು. ಮೂವತ್ತು ತುಂಬುವ ಮೊದಲೇ ಅಜ್ಜಿಯಾದ ಹೆಮ್ಮೆ ಅವಳದು.

ಈ ಹುಚ್ಚು ಸುಳ್ಳಲ್ಲ. ಹಳೆಯ ಬಟ್ಟೆಯನ್ನು ಮುಟ್ಟಿದರೆ ಅವಳ ಮನಸ್ಸು ನಿಜಕ್ಕೂ ತಣ್ಣಗಾಗುತ್ತಿತ್ತು. ಆದರೆ ಕ್ಯಾಮೆರಾ ಇಡುವ ಮುಂಚೆ ವಾಷಿಂಗ್ ಮೆಷಿನ್ ಮೇಲೆ ಹೂವಿನ ಬಟ್ಟೆ ಮುಚ್ಚುತ್ತಿದ್ದಳು. ಜೊತೆಗಿದ್ದ ಅಕ್ಕ ನಗುತ್ತಿದ್ದಳು, ಪಾಪ, ಮೆಷಿನ್ನಿಗೂ ಮುಸುಕು ಹಾಕಿಸಿದೆಯಲ್ಲೇ ಎಂದು.

ಕೋಟಿನ ಸುಳ್ಳು ಶುರುವಾದದ್ದೂ ಹಾಗೇ. ಅದನ್ನು ತೊಟ್ಟು ವಿಡಿಯೋ ಹಾಕಿದಾಗ ಯಾರೋ ‘ಇದನ್ನೂ ನೀವೇ ಹೊಲಿದಿರಾ, ಎಂಥ ಕೈ ನಿಮ್ಮದು’ ಎಂದು ಬರೆದರು. ಅಲ್ಲವೆನ್ನಲು ಬೆರಳು ಬರಲಿಲ್ಲ. ಮುಂದಿನ ವಿಡಿಯೋದಲ್ಲಿ ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು... ಇಡೀ ಚಳಿಗಾಲ ಹಿಡಿಯಿತು ಎಂದು.

ಎರಡನೇ ಸಲ ಹಲ್ಲು ತೋರಿಸಲು ಹೋದಾಗ ಅವಳು ಕೋಟು ಹಾಕಿಕೊಳ್ಳಲಿಲ್ಲ. ಆದರೆ ಕೆಲಸ ಮುಗಿದ ಮೇಲೆ ಡಾಕ್ಟರ್ ಅವಳನ್ನು ಕೂರಿಸಿಕೊಂಡು ತನ್ನ ಮನೆಯ ಮಾತು ತೆಗೆದ.

ಅವನ ತಾಯಿ ಹೊಲಿಗೆಯಲ್ಲೇ ಮಗನನ್ನು ಓದಿಸಿದವರು. ಬೀದಿಗೆಲ್ಲ ಅವರು ಟೈಲರಮ್ಮ. ಈಗ ಕೈ ನಡುಗುವ ಕಾಯಿಲೆ. ಅರ್ಧ ಕಸೂತಿ ಹಾಕಿದ ಮೇಜಿನ ಹಾಸೊಂದು ಹಾಗೇ ಉಳಿದಿತ್ತು, ಹೊಲಿಗೆ ಮೆಷಿನ್ನಿನ ಮುಚ್ಚಳ ತೆಗೆಯಲು ಅವರು ಬಿಡುತ್ತಿರಲಿಲ್ಲ, ಮಾತೂ ಕಮ್ಮಿಯಾಗಿತ್ತು.

“ನೀವು ಹಾಕಿದ ಬಳ್ಳಿ ಇದೆಯಲ್ಲ, ಒಂದೆಲೆ ಹಿಂದಕ್ಕೆ ತಿರುಗಿರೋದು... ಅಮ್ಮನೂ ಹಾಗೇ ಹಾಕ್ತಾರೆ. ಬೇರೆ ಯಾರ ಹತ್ರಾನೂ ನೋಡಿಲ್ಲ ನಾನು. ಒಂದ್ಸಲ ಬಂದು ಅವ್ರ ಜೊತೆ ಕೂತ್ಕೊಳ್ತೀರಾ? ಆ ಹಾಸು ಮುಗಿಸಿಕೊಟ್ರೆ ಸಾಕು.”

ಹೇಳುತ್ತ ಹೇಳುತ್ತ ಅವನ ತಲೆ ಬಗ್ಗಿತು. ತನ್ನದೇ ತಪ್ಪು ಎಂದ. ಒಂದು ದಿನ ಕ್ಲಿನಿಕ್ಕಿಗೆ ಹೊರಡುವ ಅವಸರದಲ್ಲಿ, ಯಾಕಮ್ಮ ಈ ಬಟ್ಟೆ ರಾಶಿ, ಕಾಲಿಡಲು ಜಾಗ ಇಲ್ಲ ಎಂದು ರೇಗಿದ್ದನಂತೆ. ಸಂಜೆ ಬಂದು ನೋಡಿದರೆ ಪೆಟ್ಟಿಗೆ ಖಾಲಿ. ತಾವೇ ಹೊಲಿದು ಉಟ್ಟದ್ದು ತೊಟ್ಟದ್ದು ಎಲ್ಲವನ್ನೂ ತಾಯಿ ಹಳೆ ಬಟ್ಟೆಯವರಿಗೆ ಕೊಟ್ಟು ಕಳಿಸಿದ್ದರು.

ಅವಳಿಗೆ ಆ ಕೋಟು ಯಾರದೆಂದು ಈಗ ಗೊತ್ತಾಗಿತ್ತು. ಬಿಸಿ ತುಪ್ಪ... ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಈಗಲೇ ಹೇಳಿಬಿಡು, ಇದಕ್ಕಿಂತ ಸುಲಭದ ಗಳಿಗೆ ಮತ್ತೆ ಬರುವುದಿಲ್ಲ ಎಂದಿತು ಮನಸ್ಸು. ಅವನು ತಲೆ ಎತ್ತಿ ನೋಡಿದ. ಆ ಕಣ್ಣಲ್ಲಿ ಇದ್ದ ಆಸೆಗೆ ಸೋತು, ಶನಿವಾರ ಬರುತ್ತೇನೆ ಎಂದುಬಿಟ್ಟಳು.

ಟೈಲರಮ್ಮನ ಮನೆಯ ಮುಂದಿನ ಕೋಣೆಯ ತುಂಬ ಬಟ್ಟೆ ಕತ್ತರಿಸುವ ಅಗಲದ ಮೇಜು. ಅದರ ಅಂಚಿಗೆ ಬಡಿದ ಅಳತೆ ಪಟ್ಟಿ ಅಕ್ಷರ ಅಳಿಸಿ ನುಣುಪಾಗಿತ್ತು. ಟೈಲರಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಒಂದರ ಕೆಳಗೊಂದು ಒತ್ತಿಟ್ಟುಕೊಂಡು ಕೂತಿದ್ದರು. ಮಗ ಪರಿಚಯ ಮಾಡಿಸಿ ಹಾಲು ತರಲು ಹೊರಗೆ ಹೋದ.

ಬಾಗಿಲು ಮುಚ್ಚಿದ್ದೇ ತಡ, ಅವರು ಕೇಳಿದರು. “ಕೋಟು ಹಾಕ್ಕೊಂಡು ಬರ್ಲಿಲ್ವಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳ ಕೈ ತಾನಾಗಿ ಕುತ್ತಿಗೆಗೆ ಹೋಯಿತು.

“ನಿನ್ನ ವಿಡಿಯೋ ನೋಡ್ದೆ. ಅದರ ಎರಡನೇ ಗುಂಡಿ ಮೇಲೆ ಸಣ್ಣದೊಂದು ಗುರುತಿದೆ ನೋಡು. ಇವನು ಕಚ್ಚಿದ್ದು, ಮೊದಲನೇ ಹಲ್ಲು ಬಂದಾಗ. ಎತ್ತಿಕೊಂಡ್ರೆ ಸಾಕು, ಅದೇ ಗುಂಡಿ ಬೇಕು. ಆಗಲೇ ಹಲ್ಲಿನ ವ್ಯಾಪಾರ ಶುರು ಮಾಡಿದ್ದ.”

ಅವಳಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಹೊರಟುಬಿಡುತ್ತೇನೆ ಎಂದಳು. ಡಾಕ್ಟರಿಗೆ ಏನು ಹೇಳಬೇಕೋ ನೀವೇ ಹೇಳಿ ಎಂದಳು.

“ನಾನ್ಯಾಕೆ ಹೇಳ್ಲಿ? ಸುಳ್ಳು ನಿಂದು, ನೀನೇ ಹೇಳ್ಕೋ, ಯಾವತ್ತು ಹೇಳೋಕಾಗುತ್ತೋ ಆವತ್ತು. ಈಗ ಕೂತ್ಕೋ. ನಿಂಗೆ ಕಸೂತಿ ಬರಲ್ಲ ಅಂತ ನಂಗೊತ್ತು, ಬರಿಸೋಣ. ಈ ಹಾಸು ಮುಗೀಬೇಕು ನಂಗೆ.”

ಹೀಗೆ ಶುರುವಾಯಿತು. ಪ್ರತಿ ಶನಿವಾರ ಅವಳು ಬರುತ್ತಿದ್ದಳು. ಟೈಲರಮ್ಮ ಬಾಯಲ್ಲೇ ಕಲಿಸುತ್ತಿದ್ದರು. ದಾರ ಅಷ್ಟು ಬಿಗಿ ಎಳೀಬೇಡ, ಬಟ್ಟೆ ಉಸಿರಾಡಲಿ ಅನ್ನುವರು. ಸರಿ ಬರದಿದ್ದರೆ ಬಿಚ್ಚು ಅನ್ನುವರು. ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ಬೆರಳ ತುದಿಗಳು ಸೂಜಿ ಚುಚ್ಚಿಸಿಕೊಂಡು ಗಟ್ಟಿಯಾದವು. ಮೊದಲ ಎಲೆ ನೆಟ್ಟಗೆ ಬಂದ ದಿನ ಟೈಲರಮ್ಮ ಮೆಷಿನ್ನಿನ ಮುಚ್ಚಳ ತೆಗೆಯಲು ಹೇಳಿದರು. ಊಟಕ್ಕೆ ಬಂದ ಮಗ ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

ಅವನೂ ಜೊತೆಗೆ ಕೂರತೊಡಗಿದ. ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ಅವನದಾಯಿತು. ಸಂಜೆ ಬಸ್ ನಿಲ್ದಾಣದವರೆಗೆ ಅವಳ ಜೊತೆ ನಡೆದು ಬರುತ್ತಿದ್ದ, ದಾರಿಯಲ್ಲಿ ಹೋಗುವವರ ನಗು ನೋಡಿಯೇ ಹಲ್ಲಿನ ಜಾತಕ ಹೇಳುತ್ತಿದ್ದ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು.

ಅವನು ಹತ್ತಿರವಾದಷ್ಟೂ ಅವಳ ಮುಖ ಕೆಳಗಾಗುತ್ತಿತ್ತು. ಇವತ್ತು ಹೇಳುತ್ತೇನೆ ಎಂದುಕೊಂಡೇ ಮನೆಯಿಂದ ಹೊರಡುವಳು. ಅವನ ಮುಖ ಕಂಡರೆ ಸೂಜಿ ದಾರದ ಮಾತಿಗೆ ತಿರುಗಿಬಿಡುವಳು. ಸುಳ್ಳು ಹಳೆಯದಾದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು.

ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತಾಗ ಅವನು ಅವಳ ಕೈ ಹಿಡಿದ.

“ಈ ಕೈ ಬಂದ್ಮೇಲೆ ನಮ್ಮ ಮನೇಲಿ ಮಾತು ಹುಟ್ಟಿದೆ. ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ... ನಿಮ್ಮಲ್ಲಿ ತೋರಿಕೆ ಅನ್ನೋದೇ ಇಲ್ಲ. ಅದಕ್ಕೇ ನನಗೆ...”

ಮುಂದಿನದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ತೋರಿಕೆ ಇಲ್ಲ! ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ಕೈ ಕಿತ್ತುಕೊಂಡು, ಬಂದ ಬಸ್ಸು ಯಾವುದೆಂದೂ ನೋಡದೆ ಹತ್ತಿಬಿಟ್ಟಳು. ಕಿಟಕಿಯಾಚೆ ಅವನು ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದ.

ಮುಂದಿನ ಶನಿವಾರ ಅವಳು ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಕೊನೆಗೆ ಅವನೇ ಬಂದ. ಅಕ್ಕ ಬಾಗಿಲು ತೆಗೆದು, ಅವನನ್ನು ಒಳಗೆ ಬಿಟ್ಟು, ಏನೋ ನೆಪ ಹೇಳಿ ಹೊರಗೆ ಹೋದಳು. ಅವಳು ಹಳೆಯ ನೈಟಿಯಲ್ಲಿ, ಎಣ್ಣೆ ಹಚ್ಚಿದ ತಲೆಯಲ್ಲಿ, ಗುಡುಗುಡು ಸದ್ದು ಮಾಡುತ್ತಿದ್ದ ವಾಷಿಂಗ್ ಮೆಷಿನ್ ಪಕ್ಕ ನಿಂತಿದ್ದಳು. ಅಜ್ಜಿಯ ಹಳೆ ಕಾಲ ಎಲ್ಲೂ ಇರಲಿಲ್ಲ.

ಅವನು ಕ್ಷಮೆ ಕೇಳಲು ಬಂದಿದ್ದ. ತಾನು ಅಂದು ಮಿತಿ ಮೀರಿದೆ, ಇಷ್ಟವಿಲ್ಲದಿದ್ದರೆ ಇನ್ನು ಆ ಮಾತೇ ಎತ್ತುವುದಿಲ್ಲ ಎಂದ. ಅಮ್ಮ ಕೇಳುತ್ತಿದ್ದಾರೆ, ನೀವು ಬರುವ ಹೊತ್ತಿಗೆ ನಾನು ಮನೆಯಲ್ಲಿ ಇರುವುದಿಲ್ಲ, ಅಷ್ಟಕ್ಕಾದರೂ ಬನ್ನಿ ಎಂದ.

ತಪ್ಪು ಮಾಡಿದವಳು ತಾನು, ಕ್ಷಮೆ ಕೇಳುತ್ತಿರುವವನು ಅವನು. ಇನ್ನು ತಡೆಯಲಾಗಲಿಲ್ಲ. ಒಳಗೆ ಹೋಗಿ ಕೋಟು ತಂದು ಅವನ ಕೈಗಿಟ್ಟಳು.

“ಇದು ನಾನು ಹೊಲಿದಿದ್ದಲ್ಲ. ಹಳೆ ಬಟ್ಟೆ ಅಂಗಡೀಲಿ ಸಿಕ್ತು. ನಿಮ್ಮಮ್ಮಂದು. ನೀವು ಪೆಟ್ಟಿಗೆ ಖಾಲಿಯಾದ ಕತೆ ಹೇಳಿದಾಗ್ಲೇ ಗೊತ್ತಾಯ್ತು ನಂಗೆ... ಆದ್ರೂ ಹೇಳ್ಲಿಲ್ಲ. ಕಸೂತಿ ನಂಗೆ ಬರ್ತಿರ್ಲಿಲ್ಲ. ಅವ್ರೇ ಕಲಿಸಿದ್ದು.”

ಎರಡನೇ ಗುಂಡಿಯ ಗುರುತನ್ನೂ ತೋರಿಸಿದಳು. ಅವನು ಗುಂಡಿಯ ಮೇಲೆ ಹೆಬ್ಬೆರಳಾಡಿಸಿದ. ಬೈಯಲಿಲ್ಲ. ಕೋಟನ್ನು ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು ಹೋದ.

ಮುಗಿಯಿತು ಎಂದುಕೊಂಡಳು. ಅಳು ಬರಲಿಲ್ಲ.

ಮಧ್ಯಾಹ್ನದ ಬೆಳಕಿನಲ್ಲಿ ಅದೇ ನೈಟಿಯಲ್ಲಿ ಕ್ಯಾಮೆರಾ ಮುಂದೆ ಕೂತಳು. ಹಿಂದೆ ವಾಷಿಂಗ್ ಮೆಷಿನ್ ಕಾಣುತ್ತಿತ್ತು. ಕೋಟು ತನ್ನದಲ್ಲ, ಚಳಿಗಾಲದ ಮಾತು ಸುಳ್ಳು, ಹೊಲಿದವರು ಟೈಲರಮ್ಮ ಎಂದು ಬಿಡಿಸಿ ಹೇಳಿದಳು. ಬೈಗುಳ ಮಳೆಯಂತೆ ಸುರಿಯಿತು. ‘ಅಜ್ಜಿ ಅಲ್ಲ, ಬೊಗಳೆ ಅಜ್ಜಿ’ ಎಂದು ಬರೆದವರಿದ್ದರು. ಕಚೇರಿಯಲ್ಲಿ ಅವಳು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಅಳಿಸಿಬಿಡೇ ಎಂದಳು ಅಕ್ಕ. ಅವಳು ಅಳಿಸಲಿಲ್ಲ.

ಶನಿವಾರ ಕೋಟು ಮಡಿಸಿಕೊಂಡು ಟೈಲರಮ್ಮನ ಮನೆಗೆ ಹೋದಳು. ಕೊಟ್ಟು ಬಾಗಿಲಿಂದಲೇ ತಿರುಗಿಬಿಡುವ ಯೋಚನೆ.

“ಎಲ್ಲಿಗೆ? ಬಾ ಒಳಗೆ. ಇದನ್ನ ತೊಡಿಸೋರು ಯಾರು?”

ಅವಳು ತೊಡಿಸಿದಳು. ಬಡಕಲಾದ ಭುಜದ ಮೇಲೆ ಕೋಟು ದೊಡ್ಡದಾಯಿತು. ಮೊಣಕಾಲೂರಿ ಕೂತು ಒಂದೊಂದೇ ಗುಂಡಿ ಹಾಕಿದಳು. ಆ ನಡುಗುವ ಕೈ ಅವಳ ತಲೆಯ ಮೇಲೆ ಬಂತು, ನಡುಗುತ್ತಲೇ ಸವರಿತು. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.

“ಅಳು, ಅಳು. ಆದ್ರೆ ಕೋಟಿನ ಮೇಲೆ ಬೇಡ, ಉಣ್ಣೆ ಮುದುರುತ್ತೆ,” ಎಂದರು ಟೈಲರಮ್ಮ.

ಯಾರೋ ಮೂಗೆಳೆದುಕೊಂಡ ಸದ್ದಿಗೆ ತಿರುಗಿ ನೋಡಿದಳು. ಅವನು ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ. ಟೈಲರಮ್ಮ ಇಬ್ಬರನ್ನೂ ಒಮ್ಮೆ ನೋಡಿ, ಕನ್ನಡಿಯಲ್ಲಿ ನೋಡಿಕೊಂಡು ಬರುತ್ತೇನೆ ಎಂದು ಗೋಡೆ ಹಿಡಿದುಕೊಂಡು ಒಳಗೆ ನಡೆದರು.

ಅವಳು ಎದ್ದು, ನಾನು ಹೊರಡುತ್ತೇನೆ, ನೀವು ಸಿಟ್ಟಾಗಿರುವುದು ನ್ಯಾಯ ಎಂದಳು.

“ಸಿಟ್ಟಾ?” ಎಂದ ಅವನು. “ನಿಮ್ಮ ಮೇಲೆ ಸಿಟ್ಟು ಬಂದಿದ್ರೆ ಬೈದು ಹಗುರ ಆಗ್ತಿದ್ದೆ. ನಮ್ಮಮ್ಮನ ಕೋಟು ನನ್ನ ಕಣ್ಣ ಮುಂದೆ ಇತ್ತು. ಅಷ್ಟು ಹತ್ರ ಬಗ್ಗಿ ಕೆಲಸ ಮಾಡಿದೀನಿ. ಬಳ್ಳಿ ಗುರುತು ಸಿಕ್ತು, ಕೋಟು ಸಿಗ್ಲಿಲ್ಲ. ಅವ್ರು ಏನು ತೊಡ್ತಿದ್ರು ಅಂತ ಒಂದಿನಾನೂ ಸರಿಯಾಗಿ ನೋಡಿಲ್ಲ ನಾನು. ನಿಮ್ಮ ಮುಂದೆ ನಿಲ್ಲೋಕೆ ನಾಚಿಕೆ ಆಯ್ತು... ಅದಕ್ಕೇ ಹೊರಟು ಹೋದೆ.”

ಅವಳು ಇಷ್ಟು ದಿನ ಈ ನಾಚಿಕೆ ತನ್ನೊಬ್ಬಳದೇ ಎಂದುಕೊಂಡಿದ್ದಳು.

ಅವನು ಇನ್ನೂ ಒಂದು ಹೆಜ್ಜೆ ಹತ್ತಿರ ಬಂದ. “ಆವತ್ತು ಬಸ್ ಸ್ಟಾಪಲ್ಲಿ ಕೈ ಕಿತ್ಕೊಂಡ್ರಲ್ಲ, ನಾನು ಇಷ್ಟ ಇಲ್ಲ ಅಂತಾನಾ?”

“ಅಲ್ಲ.” ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. “ನೀವು ಹಿಡಿದಿದ್ದು ಆ ಬಳ್ಳಿ ಹಾಕಿದ ಕೈಯನ್ನ. ಅದು ನಂದಾಗಿರ್ಲಿಲ್ಲ.”

“ಈಗ?”

“ಈಗ ನಂದೇ. ಅಷ್ಟೇನೂ ಚೆನ್ನಾಗಿಲ್ಲ. ಸೂಜಿ ಚುಚ್ಚಿ ಒರಟಾಗಿದೆ.”

ಅವನು ತನ್ನ ಕೈ ಚಾಚಿದ. ಇಷ್ಟು ದಿನದ ನೀವು, ತಾವು ಎಲ್ಲ ಎಲ್ಲಿ ಹೋಯಿತೋ...

“ಕೊಡು,” ಎಂದ.

ಅವಳು ಕೊಟ್ಟಳು.